34 ಸಾವಿರ ಅಲ್ಲ, ದೊಡ್ಡಣ್ಣ

ಗುಂಪು: ಮನೆ ಮಂದಿ
ಶನಿವಾರ

ದೊಡ್ಡಣ್ಣ, ಬೆಳಿಗ್ಗೆ 7:42
ಎಲ್ಲರೂ ಒಮ್ಮೆ ಓದಿ. ಅಪ್ಪನ ಯೆಜ್ಡಿ ಬೈಕಿಗೆ ಈ ಜಾಹೀರಾತು ಹಾಕುತ್ತಿದ್ದೇನೆ. ಏನಾದರೂ ಇದ್ದರೆ ಸಂಜೆಯೊಳಗೆ ಹೇಳಿ.

"ಮಾರಾಟಕ್ಕಿದೆ. ವಿಂಟೇಜ್ ಯೆಜ್ಡಿ ರೋಡ್‌ಕಿಂಗ್, 1984. ಒಬ್ಬರೇ ಮಾಲೀಕರು. ಓಡಿರುವುದು ಬರೀ 34 ಸಾವಿರ ಕಿ.ಮೀ. ಶೋರೂಂ ಕಂಡೀಷನ್. ಎಲ್ಲಾ ಒರಿಜಿನಲ್. ದಾಖಲೆ ಪಕ್ಕಾ. ಬೆಲೆ 1 ಲಕ್ಷ 80 ಸಾವಿರ."

ಪುಟ್ಟ (ದೊಡ್ಡಣ್ಣನ ಮಗ), 7:50
ಟ್ಯಾಂಕಿಗೆ ಪೇಂಟ್, ಸೈಲೆನ್ಸರಿಗೆ ಕ್ರೋಮ್ ಮಾಡಿಸಿ ಅಪ್ಪ. 2 ಲಕ್ಷ ಕೇಳಬಹುದು. 2022ರಲ್ಲಿ ಹೊಸ ಯೆಜ್ಡಿ ಬಂದಮೇಲೆ ನಮ್ಮ ಕಾಲೇಜಿನಲ್ಲಿ ಹುಡುಗರು ಹಳೆಯದನ್ನೂ ಹುಡುಕುತ್ತಿದ್ದಾರೆ.

ಅಕ್ಕ (ನ್ಯೂಜೆರ್ಸಿ), 8:15
ಮಾರುವುದು ಅಂತ ಯಾವಾಗ ತೀರ್ಮಾನ ಆಯಿತು? ಅಪ್ಪ ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಯಾರೋ ಕೊಂಡುಕೊಂಡು ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ಏನೇನೋ ಮಾಡುತ್ತಾರೆ. ಇಲ್ಲಾಂದ್ರೆ ಹೋಟೆಲಿನ ಗೋಡೆಗೆ ನೇತು ಹಾಕುತ್ತಾರೆ. ನನಗೆ ಒಪ್ಪಿಗೆ ಇಲ್ಲ.

ದೊಡ್ಡಣ್ಣ, 8:19
ಶೆಡ್ಡಿನಲ್ಲಿ ಸುಮ್ನೆ ನಿಂತಿದೆ. ಅಮ್ಮನ ವಾಕರ್ ಆ ಜಾಗದಲ್ಲಿ ತಿರುಗುವುದಿಲ್ಲ. ನೀನು ಬಂದು ಓಡಿಸುತ್ತೀಯಾ?

ನಾನು, 8:31
ಮಾರುವುದು ಬೇಡ ಎಂದು ನಾನು ಹೇಳುವುದಿಲ್ಲ ಅಕ್ಕ. ದಿನಾ ನೋಡುವವಳು ನಾನು. ಟೈರು ಬಿರುಕು ಬಿಟ್ಟಿದೆ. ಟ್ಯಾಂಕಿನ ಒಳಗೆ ತುಕ್ಕು ಶುರುವಾಗಿದೆ. ಓಡುವ ಗಾಡಿಗಿಂತ ನಿಂತ ಗಾಡಿ ಬೇಗ ಹಾಳಾಗುತ್ತದೆ. ಹೋಗಲಿ, ಓಡಿಸುವವರ ಕೈಗೆ ಹೋಗಲಿ.

ಆದರೆ ದೊಡ್ಡಣ್ಣ, ಇದನ್ನು ಹಾಕಬೇಡ. ಇದರಲ್ಲಿ ನಿಜ ಇರುವುದು ಎರಡೇ. 1984 ಮತ್ತು ಒಬ್ಬರೇ ಮಾಲೀಕರು.

ದೊಡ್ಡಣ್ಣ, 8:33
ಮೀಟರಿನಲ್ಲಿ 34,112 ಇದೆ. ಫೋಟೋ ತೆಗೆದು ಹಾಕಲಾ?

ನಾನು, 8:40
ಮೀಟರ್ ಬದಲಾಗಿದೆ. ಅಪ್ಪನ ಲೆಕ್ಕದ ಪುಸ್ತಕ ಈಗ ನನ್ನ ತೊಡೆಯ ಮೇಲಿದೆ. ಮೂರು ಪುಸ್ತಕ, ನೀಲಿ ರಟ್ಟು. ಎರಡನೆಯದರಲ್ಲಿ 1999ರ ಮಾರ್ಚ್ ಪುಟ ನೋಡು: "ಹಳೇ ಮೀಟರ್ 88,460ಕ್ಕೆ ಮುಗಿಯಿತು. ಹೊಸದು ಸೊನ್ನೆಯಿಂದ." ಎರಡನ್ನೂ ಕೂಡಿಸು. 1,22,572.

ಪುಟ್ಟ, 8:41
ಭೂಮಿ ಸುತ್ತಳತೆ ಸುಮಾರು 40 ಸಾವಿರ. ತಾತ ಮೂರು ಸುತ್ತು ಹೊಡೆದಿದ್ದಾರೆ!

ದೊಡ್ಡಣ್ಣ, 8:47
ಹೌದು, ಹೊಡೆದಿದ್ದಾರೆ. ಅದನ್ನು ಬರೆದರೆ ಕೊಳ್ಳಲು ಯಾರು ಬರುತ್ತಾರೆ? ಎಲ್ಲರೂ ಮೀಟರಿನಲ್ಲಿ ಇರುವುದನ್ನೇ ಬರೆಯುತ್ತಾರೆ. ನಾನೇನು ಮೀಟರ್ ತಿರುಗಿಸಿಲ್ಲ ಅಲ್ವಾ?

ಅತ್ತಿಗೆ, 8:52
ನಾನು ಒಂದು ಮಾತು ಹೇಳಬೇಕು. ಮಾವನ ಆಸ್ಪತ್ರೆ ಖರ್ಚಿಗೆ ಇವರು ತೆಗೆದ ಸಾಲದ ಕಂತು ಇನ್ನೂ 14 ತಿಂಗಳು ಇದೆ. ಗುಂಪಿನಲ್ಲಿ ಹೇಳಬಾರದು ಎಂದು ಇವರು ಸುಮ್ಮನಿದ್ದರು. ಆಸೆಗೆ ಬರೆದ ಬೆಲೆ ಅಲ್ಲ ಅದು.

ನಾನು, 9:05
ಅತ್ತಿಗೆ, ಹೇಳಿದ್ದು ಒಳ್ಳೆಯದಾಯಿತು. ಇದು ನನಗೆ ಗೊತ್ತಿರಲಿಲ್ಲ. ಗಾಡಿಯಿಂದ ಎಷ್ಟು ಬಂದರೂ ಅದು ಪೂರ್ತಿ ಆ ಸಾಲಕ್ಕೇ ಹೋಗಲಿ. ನನ್ನ ಪಾಲು ಬೇಡ.

ಅಕ್ಕ, 9:07
ನನ್ನದೂ ಬೇಡ. ಉಳಿದ ಕಂತಿನಲ್ಲಿ ನಾನೂ ಸೇರುತ್ತೇನೆ. ಆಮೇಲೆ ಫೋನ್ ಮಾಡುತ್ತೇನೆ ಅಣ್ಣಾ.

ಚಿಕ್ಕಪ್ಪ, 9:30
ಈಗ ನೋಡಿದೆ. ನಾನು ಯೆಜ್ಡಿ ತಯಾರಾಗುತ್ತಿದ್ದ ಯಾದವಗಿರಿ ಫ್ಯಾಕ್ಟರಿಯಲ್ಲಿ ಎಂಜಿನ್ ಅಸೆಂಬ್ಲಿಯಲ್ಲಿ ಇದ್ದವನು. 1961ರಲ್ಲಿ ಜಾವಾ ಬೈಕಿನಿಂದ ಶುರುವಾದ ಕಾರ್ಖಾನೆ. ಉದ್ಘಾಟನೆ ಮಾಡಿದ್ದು ಜಯಚಾಮರಾಜೇಂದ್ರ ಒಡೆಯರು. 1996ರಲ್ಲಿ ಮುಚ್ಚಿತು. ಈ ಗಾಡಿ ಶೋರೂಮಿಗೆ ಬಂದಾಗ ಅಣ್ಣನ ಜೊತೆ ಹೋಗಿ ಆರಿಸಿದವನು ನಾನೇ. ಅದಕ್ಕೆ ಹೇಳುತ್ತೇನೆ.

"ಎಲ್ಲಾ ಒರಿಜಿನಲ್" ತೆಗೆದುಬಿಡು. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಗೆ ಸರಿಹೊಂದುತ್ತವೆ. ಟ್ಯಾಂಕ್, ಸೈಡ್ ಬಾಕ್ಸ್ ಅದೇ. ಸೀಟು, ಹೆಡ್‌ಲೈಟ್, ಕಾರ್ಬ್ಯುರೇಟರ್, ಬಲಗಡೆ ಸೈಲೆನ್ಸರ್ ಬೇರೆಯವು. ಸಿಲಿಂಡರ್ ಎರಡು ಸಲ ಬೋರ್ ಆಗಿದೆ. ಅಂದರೆ ಸವೆದ ಒಳಗೋಡೆ ಕೊರೆದು ಅಗಲ ಮಾಡಿದ್ದು. ಎರಡನೆಯದಕ್ಕೆ ನಾನೇ ನಿಂತು ಮಾಡಿಸಿದೆ. ಮೂರನೆಯದಕ್ಕೆ ಜಾಗ ಕಡಿಮೆ. ಎಂಜಿನ್ನಿನ ಮುಖ್ಯ ದಂಡ, ಕ್ರ್ಯಾಂಕ್ ಮಾತ್ರ ಕಂಪನಿಯಿಂದ ಬಂದದ್ದೇ. ಅದನ್ನು ದೊಡ್ಡ ಅಕ್ಷರದಲ್ಲಿ ಬರಿ.

ವಿಂಟೇಜ್ ಅನ್ನುವುದೂ ಬೇಡ. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. 50 ವರ್ಷ ದಾಟಿದ್ದಕ್ಕೆ ಮಾತ್ರ ವಿಂಟೇಜ್ ನೋಂದಣಿ. ರೋಡ್‌ಕಿಂಗ್ ಶುರುವಾಗಿದ್ದೇ 1978ರಲ್ಲಿ. ಒಂದಕ್ಕೂ ಇನ್ನೂ 50 ಆಗಿಲ್ಲ.

ಪುಟ್ಟ, 9:34
ವಿಂಟೇಜ್ ನಂಬರ್ ಸಿಕ್ಕಿದರೆ ಒಳ್ಳೆಯದಲ್ವಾ ತಾತ?

ಚಿಕ್ಕಪ್ಪ, 9:36
ಆ ನಂಬರಿನಲ್ಲಿ ದಿನಾ ಓಡಿಸುವಂತಿಲ್ಲ ಕಣೋ. ಪ್ರದರ್ಶನ, ರ‍್ಯಾಲಿ, ಅಷ್ಟೇ. ಟೂರ್ ಹೋಗುವ ಗಾಡಿಗೆ ಅದು ಏತಕ್ಕೆ?

ನಾನು, 9:48
"ದಾಖಲೆ ಪಕ್ಕಾ" ಅನ್ನುವುದು ಎಲ್ಲಕ್ಕಿಂತ ಅಪಾಯ. ಅಪ್ಪ ಕೊನೆಯ ಸಲ ಆರ್‌ಸಿ ರಿನ್ಯೂ ಮಾಡಿಸಿದ್ದು 2019ರಲ್ಲಿ. ಅದು ಐದು ವರ್ಷಕ್ಕೆ. 2024ಕ್ಕೆ ಮುಗಿದಿದೆ. ಇನ್ಶೂರೆನ್ಸ್ ಕೂಡ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಗಾಡಿ ಈಗಲೂ ಅಪ್ಪನ ಹೆಸರಿನಲ್ಲಿದೆ. ಹೆಸರು ವರ್ಗಾವಣೆಯ 29, 30ನೇ ಫಾರಂಗೆ ಮಾರುವವರ ಸಹಿ ಬೇಕು. ಯಾರು ಹಾಕುತ್ತಾರೆ?

ದೊಡ್ಡಣ್ಣ, 9:50
ಕೊಳ್ಳುವವರು ನೋಡಿಕೊಳ್ಳುತ್ತಾರೆ. ಇಂಥದ್ದಕ್ಕೆಲ್ಲಾ ಏಜೆಂಟ್ ಇರುತ್ತಾರೆ.

ನಾನು, 9:58
ಬೇಡ ದೊಡ್ಡಣ್ಣ. ಸತ್ತವರ ಸಹಿ ಯಾರೋ ಹಾಕುವುದು ನನಗೆ ಬೇಡ. ಮೊದಲು 31ನೇ ಫಾರಂ ಹಾಕಿ ಅಮ್ಮನ ಹೆಸರಿಗೆ ಮಾಡಿಸೋಣ. ಮರಣ ಪ್ರಮಾಣಪತ್ರ, ನಮ್ಮ ಮೂವರ ಒಪ್ಪಿಗೆ ಬೇಕು. ಮೂರು ತಿಂಗಳೊಳಗೆ ಅರ್ಜಿ ಕೊಡಬೇಕಿತ್ತು, ತಡ ಮಾಡಿದ್ದೇವೆ. ದಂಡ ಬಂದರೆ ಕಟ್ಟೋಣ. ಆಮೇಲೆ ಫಿಟ್‌ನೆಸ್ ಮಾಡಿಸಿ ರಿನ್ಯೂ, ಆಮೇಲೆ ಮಾರಾಟ. ಹೆಸರು ಬದಲಾಗದೆ ಗಾಡಿ ಹೋಗಿ ಎಲ್ಲೋ ಯಾರಿಗೋ ಗುದ್ದಿದರೆ ಹೊಣೆ ನಮ್ಮ ಕಡೆಗೇ ಬರುತ್ತದೆ. ಆರ್‌ಸಿಯಲ್ಲಿ ಹೆಸರಿರುವ ಮಾಲೀಕರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಅಕ್ಕ, 10:02
ನನ್ನ ಒಪ್ಪಿಗೆ ಪತ್ರ ಇಲ್ಲಿಂದ ಕಳಿಸಬಹುದಾ?

ನಾನು, 10:03
ಕಳಿಸಬಹುದು. ಹೇಗೆ ಅಂತ ಸೋಮವಾರ ಆರ್‌ಟಿಒದಲ್ಲಿ ಕೇಳಿ ಬರುತ್ತೇನೆ. ಅಂದ್ರೆ ಮಾರುವುದಕ್ಕೆ ಒಪ್ಪಿಗೆಯೇ?

ಅಕ್ಕ, 10:11
ಓಡಿಸುವವರಿಗೆ ಅಂದರೆ ಒಪ್ಪಿಗೆ.

ದೊಡ್ಡಣ್ಣ, 10:20
ಸರಿ, ಕಾಗದದ ವಿಷಯ ಒಪ್ಪಿದೆ. ಆದರೆ ಕಿಲೋಮೀಟರ್, ಬೋರ್, ಸೀಟು, ಬಲಗಡೆ ಸೈಲೆನ್ಸರ್ ಎಲ್ಲಾ ಬರೆದು "ಬನ್ನಿ ಕೊಳ್ಳಿ" ಎಂದರೆ 60 ಸಾವಿರಕ್ಕೂ ಕೇಳುವುದಿಲ್ಲ. ಪೇಂಟ್ ಮಾಡಿಸಿ ಕೊಡೋಣ. ಅದರಲ್ಲೇನು ಸುಳ್ಳಿದೆ? ಮದುವೆಗೆ ಹುಡುಗಿಯನ್ನು ಅಲಂಕಾರ ಮಾಡಿ ಕಳಿಸುವುದಿಲ್ಲವೇ?

ನಾನು, 10:44
ದೊಡ್ಡಣ್ಣ, ಸ್ವಲ್ಪ ಉದ್ದ ಬರೆಯುತ್ತೇನೆ. ಪೂರ್ತಿ ಓದು.

1996ರ ಡಿಸೆಂಬರ್ ರಜೆ. ನನಗೆ 11 ವರ್ಷ. ನಿನಗೆ ಪರೀಕ್ಷೆ ಇತ್ತು, ಅಕ್ಕನಿಗೆ ಜ್ವರ. ಅಪ್ಪ ನನ್ನೊಬ್ಬಳನ್ನೇ ಕೂರಿಸಿಕೊಂಡು ಹೊರಟರು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ. ಅಲ್ಲಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು, ಮಂಗಳೂರು. ಘಾಟಿ ಇಳಿಯುವಾಗ ಗಾಡಿ ತಾನಾಗಿಯೇ ಹೋಗುತ್ತಿತ್ತು. ಆದರೂ ಅಪ್ಪ ಸ್ವಲ್ಪ ಹೊತ್ತಿಗೊಮ್ಮೆ ಕ್ಲಚ್ ಹಿಡಿದು ಆಕ್ಸಿಲರೇಟರ್ ತಿರುಗಿಸುತ್ತಿದ್ದರು. ಯಾಕೆ ಎಂದು ಕೇಳಿದೆ. ಒಂದು ತಿರುವಿನಲ್ಲಿ ನಿಲ್ಲಿಸಿ ಹೇಳಿದರು. ಇದು ಟೂ ಸ್ಟ್ರೋಕ್. ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಗೇ ಬರಬೇಕು. ಇಳಿಜಾರು ಎಂದು ಪೂರ್ತಿ ಮುಚ್ಚಿಕೊಂಡು ಹೋದರೆ ಪೆಟ್ರೋಲೂ ಹೋಗುವುದಿಲ್ಲ, ಎಣ್ಣೆಯೂ ಹೋಗುವುದಿಲ್ಲ. ಒಳಗೆ ಒಣಗಿ ಹಿಡಿದುಕೊಳ್ಳುತ್ತದೆ. ಅದಕ್ಕೆ ನಡುನಡುವೆ ಒಂದು ಗುಟುಕು ಕೊಡಬೇಕು. ಗುಟುಕು ಅನ್ನುವುದು ಅವರದೇ ಮಾತು. ಆಮೇಲೆ ನಾನು ಓಡಿಸಲು ಕಲಿತಾಗ, ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿ ಗೇರ್ ಲಿವರ್ ಮಾಡಿಕೊಳ್ಳುವುದಕ್ಕಿಂತ ಮೊದಲು ಹೇಳಿಕೊಟ್ಟಿದ್ದು ಇದನ್ನೇ.

ಮಂಗಳೂರಿನಲ್ಲಿ ನೆಂಟರ ಮನೆ ಹಿತ್ತಲಿನಲ್ಲಿ ಎರಡೂ ಸೈಲೆನ್ಸರಿನ ಬ್ಯಾಫಲ್, ಅಂದರೆ ಸದ್ದು ಅಡಗಿಸುವ ಒಳಕೊಳವೆ, ಎಳೆದು ತೆಗೆದರು. ಕಾಡಿಗೆಯ ಹಾಗೆ ಕಾರ್ಬನ್ ಕಟ್ಟಿತ್ತು. ಸೀಮೆಎಣ್ಣೆ ಹಾಕಿ ಸುಟ್ಟು, ತೆಂಗಿನ ನಾರಿನಲ್ಲಿ ಉಜ್ಜಿದರು. ವಾಪಸ್ ಬಂದಿದ್ದು ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು, ಹಾಸನದ ಮೇಲೆ. ಪುಸ್ತಕದಲ್ಲಿ ಆ ನಾಲ್ಕು ದಿನಕ್ಕೆ ಐದೇ ಸಾಲು. ಎಷ್ಟು ಲೀಟರ್, ಎಷ್ಟು ಆಯಿಲ್, ಎಲ್ಲಿ. ಕೊನೆಯಲ್ಲಿ "ಬ್ಯಾಫಲ್ ಕ್ಲೀನ್. ಚಾರ್ಮಾಡಿ ಆರಾಮ."

ನೀನು ಮುಚ್ಚಿಡಬೇಕು ಎನ್ನುತ್ತಿರುವುದು ಇದನ್ನೇ. ನನ್ನ ಪ್ರಕಾರ ಈ ಗಾಡಿಗೆ ಬೆಲೆ ಇರುವುದೇ ಇದರಿಂದ. 34 ಸಾವಿರ ಎಂದರೆ 40 ವರ್ಷದಲ್ಲಿ ಮನೆಯಲ್ಲೇ ನಿಂತಿದ್ದ ಗಾಡಿ. ಗೊತ್ತಿರುವವನು ಕಿಕ್ ಹೊಡೆದ ಮೊದಲ ಸದ್ದಿಗೇ ಅದು ಸುಳ್ಳು ಎಂದು ಹೇಳುತ್ತಾನೆ. ಆಮೇಲೆ ನಮ್ಮ ನಿಜವನ್ನೂ ನಂಬುವುದಿಲ್ಲ. ಪ್ರತಿ ಲೀಟರಿಗೆ ಲೆಕ್ಕ ಇರುವ 1,22,572 ಬೇರೆ. ಯಾವಾಗ ಬೋರ್ ಆಯಿತು, ಯಾವಾಗ ಕ್ಲಚ್ ಪ್ಲೇಟ್ ಬದಲಾಯಿತು, ಯಾವ ಘಾಟಿ ಹತ್ತಿತು, ಎಲ್ಲಾ ಇದೆ. ಅಂಥದ್ದು ಇನ್ನೊಂದು ತೋರಿಸು.

ಪೇಂಟ್ ಬೇಡ ಎನ್ನುವುದೂ ಇದಕ್ಕೇ. ಟ್ಯಾಂಕಿನ ಎರಡು ಬದಿ ಅಪ್ಪನ ಮೊಣಕಾಲು ತಾಗಿ ತಾಗಿ ಬಣ್ಣ ಹೋಗಿ ತಗಡು ಕಾಣುತ್ತದೆ. ಕೊಳ್ಳುವವರಿಗೆ ಬೇಕಾದರೆ ಅವರು ಬಳಿದುಕೊಳ್ಳಲಿ. ಬಳಿದು ತುಕ್ಕು ಮುಚ್ಚಿ ಕೊಡುವುದು ನಮ್ಮ ಕೈಯಿಂದ ಬೇಡ.

ಚಿಕ್ಕಪ್ಪ, 10:52
ಇಳಿಜಾರಿನ ಮಾತು ಸರಿ. ಕ್ರ್ಯಾಂಕ್ ಉಳಿದಿರುವುದು ಅದಕ್ಕೇ. ಆಯಿಲ್ ವಿಷಯದಲ್ಲೂ ಅಣ್ಣ ಯಾವತ್ತೂ ಕೈ ಬಿಗಿ ಮಾಡಲಿಲ್ಲ. ಲೀಟರಿಗೆ 40 ಎಂ.ಎಲ್. ಹೊಗೆ ಜಾಸ್ತಿ ಎಂದು ಯಾರು ಬೈದರೂ ಅಷ್ಟೇ.

ದೊಡ್ಡಣ್ಣ, 11:30
ನೀನು ಹಿಂದೆ ಕೂತಿದ್ದೆ. ನಾನು ಟ್ಯಾಂಕಿನ ಮೇಲೆ ಕೂತು ಶಾಲೆಗೆ ಹೋದವನು. ಮೊಣಕಾಲಿನ ಗುರುತು ನನಗೆ ಗೊತ್ತಿಲ್ಲವೇ? ಅದನ್ನು ಅಳಿಸಬೇಕು ಎಂದು ಹೇಳಲಿಲ್ಲ ನಾನು.

ನಾನು, 11:32
ಗೊತ್ತು ದೊಡ್ಡಣ್ಣ. ಹಾಗೆ ಕೇಳಿಸಿದ್ದರೆ ತಪ್ಪಾಯಿತು.

ಅಕ್ಕ, 11:40
ಪುಸ್ತಕಗಳನ್ನು ಏನು ಮಾಡುತ್ತೀರಿ?

ನಾನು, 11:41
ಗಾಡಿಯ ಜೊತೆ ಹೋಗಬೇಕು ಎಂದು ನನ್ನ ಅನಿಸಿಕೆ. ಅದು ಗಾಡಿಯ ಜಾತಕ.

ಅಕ್ಕ, 11:42
ಖಂಡಿತ ಇಲ್ಲ.

ನಾನು, ಮಧ್ಯಾಹ್ನ 12:25
ಅಮ್ಮನಿಗೆ ಎಲ್ಲಾ ಓದಿ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ:

"ನಿಮ್ಮಪ್ಪ ಮನೆ ಖರ್ಚಿನ ಲೆಕ್ಕ ಒಂದು ದಿನವೂ ಬರೆದವರಲ್ಲ. ಗಾಡಿ ಲೆಕ್ಕ ಒಂದು ದಿನವೂ ಬಿಟ್ಟವರಲ್ಲ. ಅವರೇ ಬರೆದಿಟ್ಟಿರುವುದನ್ನು ನಾವು ಅಳಿಸಿ ಬೇರೆ ಹೇಳುವುದು ಬೇಡ. ಗಾಡಿ ಕೊಡಿ. ಪುಸ್ತಕ ನಾನು ಕೊಡುವುದಿಲ್ಲ. ಮೊದಲನೆಯ ಪುಸ್ತಕದಲ್ಲಿ ಚಿಕ್ಕವಳು ಹುಟ್ಟಿದ ದಿನ ನೋಡಿ."

ನೋಡಿದೆ. 1985. "9,206. ಪೆಟ್ರೋಲ್ 5 ಲೀ. ಆಯಿಲ್ 200. ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ." ಮುಂದಿನ ಸಾಲು ಪಂಕ್ಚರ್.

ಇಷ್ಟು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ. ಪುಸ್ತಕ ಅಮ್ಮನ ಹತ್ತಿರವೇ ಇರಲಿ. ಮೂರನ್ನೂ ಜೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಿ ಕೊಳ್ಳುವವರಿಗೆ ಕೊಡೋಣ. ಪೆನ್ಸಿಲಿನಲ್ಲಿ ಬರೆದಿರುವ ಪುಟಗಳನ್ನು ನಾನು ಕೈಯಲ್ಲೇ ನಕಲು ಮಾಡುತ್ತೇನೆ.

ಪುಟ್ಟ, 12:31
ನಾನೂ ಬರೆದುಕೊಡುತ್ತೇನೆ ಅತ್ತೆ. ಮುಂದಿನ ಭಾನುವಾರ ಮೈಸೂರಿಗೆ ಬರುತ್ತೇನೆ. ಗಾಡಿ ಒಮ್ಮೆ ಓಡಿಸಬಹುದಾ?

ಚಿಕ್ಕಪ್ಪ, 12:33
ಇನ್ಶೂರೆನ್ಸ್ ಆಗಲಿ, ಆಮೇಲೆ. ಅಷ್ಟರಲ್ಲಿ ನಾನು ಟ್ಯಾಂಕ್ ತೊಳೆದು ಕಿಡಿ ಕೊಡುವ ಪಾಯಿಂಟ್ಸ್ ಉಜ್ಜಿಡುತ್ತೇನೆ. ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಓಡಿಸುವವರು ಸೇರುವ ಜಾವಾ ದಿನ. ಅಲ್ಲಿಗೆ ಬರುವ ಹುಡುಗರಲ್ಲಿ ಒಬ್ಬರು ಸಿಗುತ್ತಾರೆ. ಅಣ್ಣನೂ ತಪ್ಪದೆ ಹೋಗುತ್ತಿದ್ದ. ಬೆಲೆ 95 ಸಾವಿರ ನ್ಯಾಯ.

ದೊಡ್ಡಣ್ಣ, 12:36
1 ಲಕ್ಷ 20. ಚೌಕಾಸಿಗೆ ಜಾಗ ಬೇಕು ಚಿಕ್ಕಪ್ಪ.

ನಾನು, ಸಂಜೆ 5:10
ಇದು ನೋಡಿ.

"ಮಾರಾಟಕ್ಕಿದೆ. ಯೆಜ್ಡಿ ರೋಡ್‌ಕಿಂಗ್, 1984, ಮೈಸೂರು. ಒಂದೇ ಮನೆಯ ಗಾಡಿ. ಓಡಿರುವುದು 1,22,572 ಕಿ.ಮೀ. ಮೀಟರ್ 1999ರಲ್ಲಿ ಬದಲಾಗಿದೆ, ಈಗ 34,112 ತೋರಿಸುತ್ತದೆ. ಮೊದಲ ದಿನದಿಂದ ಪೆಟ್ರೋಲ್, ರಿಪೇರಿ ಲೆಕ್ಕದ ನಕಲು ಕೊಡುತ್ತೇವೆ. ಕ್ರ್ಯಾಂಕ್ ಕಂಪನಿಯದೇ. ಸಿಲಿಂಡರ್ ಎರಡು ಸಲ ಬೋರ್ ಆಗಿದೆ. ಸೀಟು, ಹೆಡ್‌ಲೈಟ್, ಕಾರ್ಬ್ಯುರೇಟರ್, ಬಲ ಸೈಲೆನ್ಸರ್ ಬದಲಾಗಿವೆ. ಟೈರು ಎರಡೂ ಹೊಸದು ಹಾಕಬೇಕು. ಬಣ್ಣ ಹಳೆಯದು, ತುಕ್ಕು ಇದೆ. ಆರ್‌ಸಿ ಹೆಸರು ಬದಲಾವಣೆ, ರಿನ್ಯೂ ಮುಗಿಸಿ ಕೊಡುತ್ತೇವೆ. ಓಡಿಸುವವರಿಗೆ ಮಾತ್ರ. ಬೆಲೆ 1 ಲಕ್ಷ 20 ಸಾವಿರ."

ಅಕ್ಕ, 5:14
ಸರಿ ಇದೆ.

ಅತ್ತಿಗೆ, 5:20
ಚೆನ್ನಾಗಿದೆ. ಅಮ್ಮನಿಗೆ ಓದಿ ಹೇಳು.

ದೊಡ್ಡಣ್ಣ, 6:02
ಒಂದು ಬಿಟ್ಟಿದ್ದೀಯ. ಏರಿನಲ್ಲಿ ಮೂರನೇ ಗೇರ್ ಒಮ್ಮೊಮ್ಮೆ ಹಾರುತ್ತದೆ. ಕೊನೆಯ ಸಲ ಚಾಮುಂಡಿ ಬೆಟ್ಟ ಹತ್ತಿಸಿದವನು ನಾನು, ಅದಕ್ಕೆ ಗೊತ್ತು. "ರಿಪೇರಿ ಬೇಕು" ಎಂದು ಸೇರಿಸು.