ವ್ಯಾನಿನ ಒಳಗೋಡೆಯ ಮೈಕಾ ಉಬ್ಬುತ್ತಿದೆ: ಅಂಟಿನ ದೋಷವೇ, ಪ್ಲೈವುಡ್‌ನ ದೋಷವೇ?

ಪ್ರಶ್ನೆ:
ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಮಂಚ ಮತ್ತು ಪುಟ್ಟ ಅಡುಗೆಕಟ್ಟೆ ಇರುವ ಕ್ಯಾಂಪರ್ ಆಗಿ ಮಾಡಿಸಿಕೊಂಡಿದ್ದೇನೆ. ಗೋಡೆಗೆ 6 ಮಿ.ಮೀ. ದಪ್ಪದ ಎಂಆರ್ ಗ್ರೇಡ್ (ತೇವ ತಡೆಯುವ, ಆದರೆ ಪೂರ್ತಿ ಜಲನಿರೋಧಕವಲ್ಲದ) ಪ್ಲೈವುಡ್ ಹೊಡೆಸಿ, ನಮಗೆ ಕಾಣುವ ಮುಖಕ್ಕೆ ಮಾತ್ರ ಮೈಕಾ ಅಂಟಿಸಲಾಗಿದೆ; ಹಿಂದೆ, ತಗಡಿಗೆ ತಾಗಿದಂತೆ ಶಾಖ ತಡೆಯಲು ಗ್ಲಾಸ್ ವೂಲ್ (ಗಾಜಿನ ಎಳೆಗಳ ಹಾಸು) ಇದೆ. ಜುಲೈನಲ್ಲಿ ಆಗುಂಬೆಯ ಕಡೆ ಐದು ರಾತ್ರಿ ಕಳೆದು ಬಂದ ಮೇಲೆ ಕಿಟಕಿಯ ಕೆಳಗೆ ಅಂಗೈ ಅಗಲದಷ್ಟು ಮೈಕಾ ಉಬ್ಬಿದ್ದು, ಬಾಗಿಲು ತೆಗೆದರೆ ಮುಗ್ಗಲು ವಾಸನೆ ಬರುತ್ತದೆ. ಅಂಟು ಸರಿಯಿಲ್ಲವೆಂದು ಬಡಗಿಯವರು ಹೇಳುತ್ತಾರೆ. ಎಲ್ಲವನ್ನೂ ಕಿತ್ತು ಪಿವಿಸಿ ಶೀಟ್ ಹಾಕಿಸಲೇ?

ಉತ್ತರ:
ಏನನ್ನೂ ಕೊಳ್ಳುವ ಮೊದಲು ಉಬ್ಬಿದ ಕಡೆಯ ಒಂದು ಹಲಗೆಯನ್ನು ಬಿಚ್ಚಿ, ಅದರ ಬೆನ್ನನ್ನು ಮತ್ತು ಸ್ಕ್ರೂಗಳನ್ನು ನೋಡಿ. ಕಿಟಕಿಯ ಮೂಲೆಯಿಂದ ಕೆಳಗಿಳಿದ ಒಂದೇ ಕಲೆ ಇದ್ದರೆ ರಬ್ಬರ್ ಬೀಡಿಂಗ್ ಸೋರುತ್ತಿದೆ ಎಂದರ್ಥ. ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟರೆ ಖಚಿತವಾಗುತ್ತದೆ. ಹಾಗಲ್ಲದೆ ಬಾಡಿಯ ಪಟ್ಟಿಗಳಿಗೆ ಹೊಡೆದ ಸ್ಕ್ರೂಗಳೆಲ್ಲ ಸಾಲಾಗಿ ತುಕ್ಕು ಹಿಡಿದು, ಗ್ಲಾಸ್ ವೂಲ್ ಒದ್ದೆ ಅರಿವೆಯಂತೆ ಜೋತುಬಿದ್ದಿದ್ದರೆ, ನೀರು ಬಂದದ್ದು ಒಳಗಿನಿಂದಲೇ.

ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು ಮತ್ತು ಬೆವರಿನಿಂದ ಸುಮಾರು ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತದೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಆ ಆವಿ ಸಂದುಗಳಲ್ಲಿ ನುಗ್ಗಿ, ಮಳೆಗೆ ತಣ್ಣಗಾದ ತಗಡಿನ ಮೇಲೆ ಹನಿಗಟ್ಟುತ್ತದೆ. ನಿಮ್ಮ ಪ್ಲೈವುಡ್‌ನ ಬೆನ್ನು ಬೋಳಾಗಿರುವುದರಿಂದ ಅದು ನೀರು ಕುಡಿದು ಹಿಗ್ಗುತ್ತದೆ, ಮೈಕಾ ಅಷ್ಟು ಹಿಗ್ಗುವುದಿಲ್ಲ, ನಡುವೆ ಅಂಟು ಕಿತ್ತುಬರುತ್ತದೆ. ಬಡಗಿಯವರನ್ನು ದೂರಬೇಡಿ, ಮನೆಯ ವಾರ್ಡ್‌ರೋಬಿಗೆ ಆ ಕೆಲಸ ಸಾಕಾಗುತ್ತಿತ್ತು.

ಪಿವಿಸಿ ಕೊಳೆಯುವುದಿಲ್ಲ, ನಿಜ. ಆದರೆ ಬಿಸಿಲಿಗೆ ಅದು ಹಿಗ್ಗುವುದನ್ನು ಲೆಕ್ಕ ಹಾಕಿ: 2.4 ಮೀಟರ್ ಉದ್ದದ ಶೀಟ್ 30 ಡಿಗ್ರಿ ಹೆಚ್ಚು ಕಾದರೆ ನಾಲ್ಕು ಮಿ.ಮೀ.ಗೂ ಮೀರಿ ಬೆಳೆಯುತ್ತದೆ. ಬಿಗಿಯಾಗಿ ಸ್ಕ್ರೂ ಹೊಡೆದರೆ ಅಲೆಯಲೆಯಾಗಿ ಏಳುತ್ತದೆ. ಅಡುಗೆಕಟ್ಟೆಯ ಪಕ್ಕಕ್ಕಂತೂ ನಾನು ಅದನ್ನು ಹಾಕುವುದಿಲ್ಲ. ಅಲ್ಲಿಗೆ ತೆಳು ಅಲ್ಯೂಮಿನಿಯಂ ತಗಡೇ ಸರಿ.

ಉಳಿದ ಗೋಡೆಗೆ ನನ್ನ ಆಯ್ಕೆ ಐಎಸ್ 710 ಗುರುತಿನ, ಅಂದರೆ ನೀರನ್ನು ತಾಳುವ ಮರೈನ್ ದರ್ಜೆಯ, 4 ಮಿ.ಮೀ. ಪ್ಲೈವುಡ್. ಎಂಟಡಿಗೆ ನಾಲ್ಕಡಿಯ ಹಲಗೆ ಎಂಟು ಕಿಲೋ ಆಸುಪಾಸು ತೂಗುತ್ತದೆ. ಎರಡೂ ಮುಖಕ್ಕೆ, ಮುಖ್ಯವಾಗಿ ಕೊಯ್ದ ಅಂಚುಗಳಿಗೆ ಮತ್ತು ಸ್ಕ್ರೂ ತೂತುಗಳಿಗೆ, ಪಿಯು (ಪಾಲಿಯುರಿಥೇನ್) ಪಾಲಿಶ್ ಹೊಡೆಸಿ. ಗ್ಲಾಸ್ ವೂಲ್ ತೆಗೆದು, ನೀರು ಹೀರದ ನೈಟ್ರೈಲ್ ರಬ್ಬರ್ ಶೀಟನ್ನು ತಗಡಿಗೆ ಸಂದಿಲ್ಲದಂತೆ ಅಂಟಿಸಿ, ಪಟ್ಟಿಗಳ ಮೇಲೂ ಅದನ್ನೇ ಸುತ್ತಿ.

ಪ್ರಶ್ನೆ ಕೇಳಿದವರು:
ಹಲಗೆ ಬಿಚ್ಚಿದೆ. ತುಕ್ಕಿನ ಸಾಲು ನೀವು ಹೇಳಿದಂತೆಯೇ ಇದೆ, ಬೀಡಿಂಗ್ ಸೋರುತ್ತಿಲ್ಲ. ಮೈಕಾ ಬಿಡಲು ಮನೆಯವರಿಗೆ ಮನಸ್ಸಿಲ್ಲ. ಹೊಸ ಪ್ಲೈವುಡ್‌ಗೆ ಅಂಟಿಸಬಹುದೇ?

ಉತ್ತರ:
ಅಂಟಿಸಬಹುದು, ಆದರೆ ಬೆನ್ನಿಗೂ ಅಗ್ಗದ ಬ್ಯಾಲೆನ್ಸಿಂಗ್ ಲ್ಯಾಮಿನೇಟ್ ಹಾಕಿಸಲೇಬೇಕು, ಇಲ್ಲವಾದರೆ ಹಲಗೆ ಬಿಲ್ಲಿನಂತೆ ಬಾಗುತ್ತದೆ. ತುಕ್ಕನ್ನು ಉಜ್ಜಿ ಪ್ರೈಮರ್ ಹೊಡೆದು, ಅದು ಪೂರ್ತಿ ಒಣಗಿದ ಮೇಲೆಯೇ ರಬ್ಬರ್ ಶೀಟ್ ಅಂಟಿಸಿ. ಮೇಲ್ಛಾವಣಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಅಡುಗೆ ಮಾಡುವಾಗಲೂ ಮಲಗುವಾಗಲೂ ಒಂದು ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡಿ.