ಹೊಸ ಕಂಪ್ಯೂಟರ್ ಡೊಮೇನ್‌ಗೆ ಸೇರುತ್ತಿಲ್ಲ, ಸರ್ವರ್‌ಗೆ ಪಿಂಗ್ ಮಾತ್ರ ಹೋಗುತ್ತಿದೆ

ಪ್ರಶ್ನೆ (ಚಿಕ್ಕಮಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಕಚೇರಿಯಲ್ಲಿ ಲೆಕ್ಕಪತ್ರದ ಜೊತೆಗೆ ಹದಿನಾಲ್ಕು ಕಂಪ್ಯೂಟರ್‌ಗಳ ಉಸ್ತುವಾರಿಯನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿರುವುದು ವಿಂಡೋಸ್ ಸರ್ವರ್ 2019ರ ಒಂದೇ ಒಂದು ಡೊಮೇನ್ ಕಂಟ್ರೋಲರ್, ಅಂದರೆ ಕಚೇರಿಯ ಎಲ್ಲ ಲಾಗಿನ್‌ಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ಜಾಲವನ್ನು (ಡೊಮೇನ್) ನಡೆಸುವ ಸರ್ವರ್. ಅದರ ವಿಳಾಸ 192.168.1.10. ಏಪ್ರಿಲ್‌ನಲ್ಲಿ ಗುಡುಗು ಮಳೆ ಬಂದ ಒಂದು ಸಂಜೆ ಸಿಡಿಲಿನ ಹೊಡೆತಕ್ಕೆ ವೇಬ್ರಿಡ್ಜ್ ಕೋಣೆಯ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ರೂಟರ್ ಎರಡೂ ಸುಟ್ಟುಹೋದವು. ರೂಟರ್ ಅನ್ನು ಮರುದಿನವೇ ಬದಲಿಸಿಕೊಟ್ಟರು. ಹೊಸ ಕಂಪ್ಯೂಟರ್ ಈ ವಾರ ಬಂದಿದೆ; ಅದರಲ್ಲಿ ವಿಂಡೋಸ್ 11 ಪ್ರೊ ಇದೆ.

ಅದನ್ನು ಡೊಮೇನ್‌ಗೆ ಸೇರಿಸಲು ಹೋದರೆ, ಆಕ್ಟಿವ್ ಡೈರೆಕ್ಟರಿಯ (ಡೊಮೇನ್‌ನ ಖಾತೆಗಳನ್ನು ಇಡುವ ವ್ಯವಸ್ಥೆ) ಡೊಮೇನ್ ಕಂಟ್ರೋಲರ್ ಅನ್ನು ಸಂಪರ್ಕಿಸಲು ಆಗಲಿಲ್ಲ ಎಂಬ ಸಂದೇಶ ಬರುತ್ತಿದೆ. ವಿವರದಲ್ಲಿ, ಡಿಎನ್‌ಎಸ್‌ನಲ್ಲಿ (ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಆ ಹೆಸರೇ ಇಲ್ಲ ಎಂದು ಹೇಳಿ 9003 ಎಂಬ ಎರರ್ ಕೋಡ್ ತೋರಿಸುತ್ತದೆ. ಆದರೆ 192.168.1.10ಕ್ಕೆ ಪಿಂಗ್ (ಆ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪರೀಕ್ಷೆ) ಸರಾಗವಾಗಿ ಹೋಗುತ್ತದೆ, ಅದೇ ವಿಳಾಸ ಹಾಕಿದರೆ ಹಂಚಿಕೊಂಡ ಫೋಲ್ಡರ್‌ಗಳೂ ತೆರೆದುಕೊಳ್ಳುತ್ತವೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ವಿಳಾಸವಾಗಿ ಸರ್ವರ್‌ನ ವಿಳಾಸವನ್ನೇ ಕೊಟ್ಟಿದ್ದೇನೆ, ಪರ್ಯಾಯ ಡಿಎನ್‌ಎಸ್ ಜಾಗದಲ್ಲಿ ಗೂಗಲ್‌ನ 8.8.8.8 ಇದೆ. ಫೈರ್‌ವಾಲ್ ನಿಲ್ಲಿಸಿಯೂ ನೋಡಿದೆ. ಈಗ ತೂಕದ ಚೀಟಿಗಳನ್ನು ಕೈಯಲ್ಲಿ ಬರೆದು ರಾತ್ರಿ ಕೂತು ಮತ್ತೆ ಏರಿಸುತ್ತಿದ್ದೇವೆ. ಹೀಗೆ ಎರಡೆರಡು ಬಾರಿ ಬರೆಯುವಾಗ ಯಾವುದಾದರೂ ಬೆಳೆಗಾರರ ಮೂಟೆಯ ಲೆಕ್ಕ ತಪ್ಪಿಹೋದೀತು ಎಂಬ ಆತಂಕ ನನಗಿದೆ. ದಯವಿಟ್ಟು ದಾರಿ ತೋರಿಸಿ.

ಉತ್ತರ 1 (ಸಕಲೇಶಪುರದಿಂದ)

ಮೊದಲು ಹೊಸ ಕಂಪ್ಯೂಟರ್‌ನ ಗಡಿಯಾರವನ್ನು ಸರ್ವರ್‌ನ ಗಡಿಯಾರದೊಂದಿಗೆ ಹೋಲಿಸಿ ನೋಡಿ ಸರ್. ಡೊಮೇನ್‌ನಲ್ಲಿ ಗುರುತು ಪರಿಶೀಲಿಸುವ ಕೆರ್ಬೆರೋಸ್ ವ್ಯವಸ್ಥೆಯು ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚಿನ ಅಂತರವನ್ನು ಒಪ್ಪುವುದಿಲ್ಲ. ನಮ್ಮ ಎಸ್ಟೇಟ್ ಕಚೇರಿಯಲ್ಲಿ ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಮದರ್‌ಬೋರ್ಡ್‌ನ 2032 ಬಟನ್ ಸೆಲ್ ಸತ್ತಿದ್ದ ಒಂದು ಕಂಪ್ಯೂಟರ್ ಕರೆಂಟ್ ಬಂದಾಗಲೆಲ್ಲ ಹಳೆಯ ವರ್ಷಕ್ಕೆ ಮರಳಿ ನಮ್ಮನ್ನು ಬಹಳ ಕಾಡಿತ್ತು.

ಉತ್ತರ 2 (ಹಾಸನದಿಂದ)

ಗಡಿಯಾರ ನೋಡುವುದು ಒಳ್ಳೆಯದೇ. ಆದರೆ 9003 ಎಂಬ ಕೋಡ್ ಬಂದಿದೆ ಎಂದರೆ ಗುರುತಿನ ಪರಿಶೀಲನೆಯ ಹಂತವನ್ನೇ ಇವರ ಕಂಪ್ಯೂಟರ್ ಮುಟ್ಟಿಲ್ಲ. ಹಾಸನದ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಇದೇ ಕೆಲಸ ಮಾಡುವ ನಾನು ಇದನ್ನು ಕೊಂಚ ವಿವರವಾಗಿ ಹೇಳುತ್ತೇನೆ.

ಪಿಂಗ್ ಹೋಗುವುದಕ್ಕೂ ಡೊಮೇನ್ ಸಿಗುವುದಕ್ಕೂ ನೇರ ಸಂಬಂಧವಿಲ್ಲ. ನೀವು ವಿಳಾಸ ಕೊಟ್ಟು ಪಿಂಗ್ ಮಾಡಿದಾಗ ಕಂಪ್ಯೂಟರ್ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಡೊಮೇನ್‌ಗೆ ಸೇರುವಾಗಲಾದರೋ ಅದರ ಕೈಯಲ್ಲಿರುವುದು ಡೊಮೇನ್‌ನ ಹೆಸರು ಮಾತ್ರ. ಆ ಹೆಸರನ್ನು ಹಿಡಿದು, ಈ ಡೊಮೇನ್‌ನ ಕಂಟ್ರೋಲರ್ ಯಾವ ಯಂತ್ರ, ಯಾವ ಪೋರ್ಟ್ ಎಂದು ಡಿಎನ್‌ಎಸ್ ಅನ್ನು ಕೇಳುತ್ತದೆ. ಅದಕ್ಕೆ ಉತ್ತರವಾಗುವ ಎಸ್‌ಆರ್‌ವಿ ದಾಖಲೆಗಳು ನಿಮ್ಮ ಸರ್ವರ್‌ನ ಡಿಎನ್‌ಎಸ್‌ನಲ್ಲಿ ಮಾತ್ರ ಇರುತ್ತವೆ, ಹೊರಗಿನ ಯಾವ ಡಿಎನ್‌ಎಸ್‌ಗೂ ಅವು ಗೊತ್ತಿರುವುದಿಲ್ಲ.

ಆದ್ದರಿಂದ 8.8.8.8 ಅನ್ನು ಈಗಲೇ ತೆಗೆದುಹಾಕಿ. ಮೊದಲನೆಯದರಲ್ಲಿ ಉತ್ತರ ಸಿಗದಿದ್ದರೆ ಎರಡನೆಯದನ್ನು ಕೇಳಲಿ ಎಂದು ಹಲವರು ಅದನ್ನು ಹಾಕಿಡುತ್ತಾರೆ, ಆದರೆ ವಿಂಡೋಸ್ ನಡೆದುಕೊಳ್ಳುವುದು ಹಾಗಲ್ಲ. ಮೊದಲನೆಯದು ಒಂದೆರಡು ಕ್ಷಣ ತಡಮಾಡಿದರೂ ಅದು ಎರಡನೆಯದನ್ನು ಕೇಳಬಹುದು. ಎರಡನೆಯದು ಅಂಥ ಹೆಸರೇ ಇಲ್ಲ ಎಂದರೆ ಅದನ್ನೇ ಪೂರ್ಣ ಉತ್ತರವೆಂದು ಒಪ್ಪಿಕೊಂಡು ಅಲ್ಲಿಗೇ ನಿಲ್ಲುತ್ತದೆ. ಇಂಟರ್‌ನೆಟ್‌ನ ಹೆಸರುಗಳು ಬೇಕಲ್ಲವೇ ಎಂದರೆ, ಸರ್ವರ್‌ನ ಡಿಎನ್‌ಎಸ್‌ನಲ್ಲಿ ತನಗೆ ತಿಳಿಯದ ಹೆಸರುಗಳನ್ನು ಹೊರಗೆ ಕೇಳಲು ಫಾರ್ವರ್ಡರ್ ಎಂಬ ಜಾಗವಿದೆ, 8.8.8.8 ಇರಬೇಕಾದದ್ದು ಅಲ್ಲಿ.

ಇದಾದ ಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಆದೇಶವನ್ನು ಆಲ್ ಎಂಬ ಆಯ್ಕೆಯೊಂದಿಗೆ ಕೊಟ್ಟು, ಡಿಎನ್‌ಎಸ್ ಸರ್ವರ್‌ಗಳ ಸಾಲಿನಲ್ಲಿ ಏನೇನಿದೆ ಎಂದು ನೋಡಿ. ಬಳಿಕ ಎನ್‌ಎಸ್‌ಲುಕಪ್ ಆದೇಶದಿಂದ ನಿಮ್ಮ ಡೊಮೇನ್‌ನ ಹೆಸರನ್ನು ಎರಡು ಬಾರಿ ಕೇಳಿ: ಒಮ್ಮೆ ಬರೀ ಹೆಸರು ಕೊಟ್ಟು, ಇನ್ನೊಮ್ಮೆ ಹೆಸರಿನ ನಂತರ 192.168.1.10 ಸೇರಿಸಿ. ಎರಡನೆಯದಕ್ಕೆ ಉತ್ತರ ಬಂದು ಮೊದಲನೆಯದಕ್ಕೆ ಬರದಿದ್ದರೆ ಸರ್ವರ್ ಆರೋಗ್ಯವಾಗಿದೆ, ಕಂಪ್ಯೂಟರ್ ಬೇರೆ ಯಾರನ್ನೋ ಕೇಳುತ್ತಿದೆ ಎಂದು ತಿಳಿಯಬಹುದು. ಹೊಸ ರೂಟರ್ ಬಂದಿದೆ ಎಂದಿರುವುದರಿಂದ ನನಗೆ ಒಂದು ಅನುಮಾನವಿದೆ, ಫಲಿತಾಂಶ ನೋಡಿದ ಮೇಲೆ ಹೇಳುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಗಡಿಯಾರಗಳು ಸರಿಯಾಗಿವೆ. 8.8.8.8 ತೆಗೆದ ಮೇಲೂ ಅದೇ 9003 ಬರುತ್ತಿದೆ. ವಿಳಾಸ ಸೇರಿಸಿ ಕೇಳಿದರೆ ಸರಿಯಾದ ಉತ್ತರ ಬರುತ್ತದೆ, ಬರೀ ಹೆಸರಿಗೆ ಬರುವುದಿಲ್ಲ. ಡಿಎನ್‌ಎಸ್ ಸಾಲಿನಲ್ಲಿ 192.168.1.10ಕ್ಕಿಂತ ಮೇಲೆ ಎಫ್‌ಇ80 ಎಂದು ಆರಂಭವಾಗುವ ಉದ್ದನೆಯ ಒಂದು ವಿಳಾಸ ಕಾಣುತ್ತಿದೆ. ಅದನ್ನು ನಾನು ಹಾಕಿದ್ದಲ್ಲ.

ಉತ್ತರ 2 (ಹಾಸನದಿಂದ)

ನನ್ನ ಅನುಮಾನವೂ ಅದೇ ಆಗಿತ್ತು. ಅದು ನಿಮ್ಮ ಹೊಸ ರೂಟರ್‌ನ ಐಪಿವಿ6 (ಹೊಸ ಬಗೆಯ, ಉದ್ದನೆಯ) ವಿಳಾಸ. ನೀವು ಕೈಯಿಂದ ತುಂಬಿದ್ದು 192.168.1.10ರಂಥ ಹಳೆಯ ಬಗೆಯ ವಿಳಾಸಗಳ, ಅಂದರೆ ಐಪಿವಿ4ರ ಸೆಟ್ಟಿಂಗ್ ಮಾತ್ರ. ರೂಟರ್ ತಾನೇ ಡಿಎನ್‌ಎಸ್ ಎಂದು ಐಪಿವಿ6ರಲ್ಲಿ ಇಡೀ ಕಚೇರಿಗೆ ಸಾರುತ್ತಿದೆ, ವಿಂಡೋಸ್ ಅದನ್ನು ನಂಬಿ ಮೊದಲು ಅದನ್ನೇ ಕೇಳುತ್ತಿದೆ.

ಐಪಿವಿ6 ಅನ್ನೇ ಕಂಪ್ಯೂಟರ್‌ನಲ್ಲಿ ನಿಲ್ಲಿಸಿಬಿಡಿ ಎಂದು ಯಾರಾದರೂ ಹೇಳಿಯಾರು. ಮೈಕ್ರೋಸಾಫ್ಟ್ ಅದನ್ನು ಶಿಫಾರಸು ಮಾಡುವುದಿಲ್ಲ. ಅಲ್ಲದೆ ಒಂದು ಯಂತ್ರದಲ್ಲಿ ನಿಲ್ಲಿಸಿದರೆ ಉಳಿದ ಹದಿಮೂರು ಹಾಗೆಯೇ ಉಳಿಯುತ್ತವೆ. ಸರಿಪಡಿಸಬೇಕಾದದ್ದು ರೂಟರ್ ಅನ್ನು. ಅದರ ಲ್ಯಾನ್ (ಕಚೇರಿಯ ಒಳಜಾಲ) ಸೆಟ್ಟಿಂಗ್‌ನಲ್ಲಿ ಐಪಿವಿ6 ಮೂಲಕ ಡಿಎನ್‌ಎಸ್ ಹಂಚುವುದನ್ನು ನಿಲ್ಲಿಸಿ; ಅಂಥ ಆಯ್ಕೆಯೇ ಅದರಲ್ಲಿ ಇಲ್ಲದಿದ್ದರೆ ಲ್ಯಾನ್ ಕಡೆಯ ಐಪಿವಿ6 ಅನ್ನು ರೂಟರ್‌ನಲ್ಲೇ ನಿಲ್ಲಿಸಬಹುದು. ಐಪಿವಿ4ರ ವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ಕೆಲಸವನ್ನೂ ಮುಂದೆ ಬಿಡುವು ನೋಡಿಕೊಂಡು ಸರ್ವರ್‌ಗೆ ವಹಿಸಿ. ಹಾಗೆ ಮಾಡುವ ದಿನ ರೂಟರ್‌ನ ಡಿಎಚ್‌ಸಿಪಿಯನ್ನು ಮರೆಯದೆ ನಿಲ್ಲಿಸಬೇಕು, ಒಂದೇ ಕಚೇರಿಯಲ್ಲಿ ಎರಡು ಕಡೆಯಿಂದ ವಿಳಾಸ ಹಂಚಿದರೆ ಹೊಸ ತೊಂದರೆ ಹುಟ್ಟುತ್ತದೆ.

ಉಳಿದ ಕಂಪ್ಯೂಟರ್‌ಗಳಲ್ಲಿ ಬೆಳಗ್ಗೆ ಲಾಗಿನ್ ಆಗುವುದು ಈಚೆಗೆ ನಿಧಾನವಾಗಿದೆಯೇ? ವಿಂಡೋಸ್ ಹಿಂದಿನ ಲಾಗಿನ್‌ಗಳ ಗುರುತನ್ನು ತನ್ನಲ್ಲೇ ಉಳಿಸಿಕೊಂಡಿರುವುದರಿಂದ ಡೊಮೇನ್ ಸಿಗದಿದ್ದರೂ ಒಳಗೆ ಬಿಡುತ್ತದೆ. ಹಾಗಾಗಿ ಇಂಥ ದೋಷ ಹಳೆಯ ಯಂತ್ರಗಳಲ್ಲಿ ಹಲವು ದಿನ ಕಣ್ಣಿಗೆ ಬೀಳದೆ ಉಳಿಯುತ್ತದೆ, ಹೊಸ ಯಂತ್ರ ಬಂದಾಗ ಮಾತ್ರ ಬಯಲಾಗುತ್ತದೆ.

ಪ್ರಶ್ನೆ ಕೇಳಿದವರು

ಹೌದು, ರೂಟರ್ ಬದಲಾದಂದಿನಿಂದ ಲಾಗಿನ್ ನಿಧಾನವಾಗಿತ್ತು. ಸಿಡಿಲಿನಿಂದ ಸ್ವಿಚ್‌ಗೂ ಪೆಟ್ಟು ಬಿದ್ದಿರಬಹುದು ಎಂದು ನಾನು ಭಾವಿಸಿದ್ದೆ. ರೂಟರ್‌ನಲ್ಲಿ ಆ ಆಯ್ಕೆ ಸಿಕ್ಕಿತು, ನಿಲ್ಲಿಸಿದೆ. ಈಗ ಡೊಮೇನ್ ಸಿಗುತ್ತಿದೆ, ಪಾಸ್‌ವರ್ಡ್ ಕೂಡ ಕೇಳುತ್ತಿದೆ. ಆದರೆ ಅಡ್ಮಿನ್ ಪಾಸ್‌ವರ್ಡ್ ಕೊಟ್ಟ ಮೇಲೆ, ಇದೇ ಹೆಸರಿನ ಕಂಪ್ಯೂಟರ್ ಖಾತೆ ಆಕ್ಟಿವ್ ಡೈರೆಕ್ಟರಿಯಲ್ಲಿ ಈಗಾಗಲೇ ಇದೆ, ಅದನ್ನು ಮರುಬಳಸುವುದನ್ನು ಭದ್ರತಾ ನೀತಿ ತಡೆದಿದೆ ಎಂಬ ಹೊಸ ಸಂದೇಶ ಬಂದಿದೆ. ತೂಕದ ತಂತ್ರಾಂಶಕ್ಕೆ ಹಳೆಯ ಹೆಸರೇ ಬೇಕಾದ್ದರಿಂದ ಸುಟ್ಟುಹೋದ ಕಂಪ್ಯೂಟರ್‌ನ ಹೆಸರನ್ನೇ ಇದಕ್ಕೂ ಇಟ್ಟಿದ್ದೇನೆ. ಹಿಂದೆ ಹೀಗೆಯೇ ಮಾಡಿದಾಗ ಯಾವ ಅಡ್ಡಿಯೂ ಆಗಿರಲಿಲ್ಲ.

ಉತ್ತರ 3 (ಚಿಕ್ಕಮಗಳೂರಿನಿಂದ)

ಹಿಂದೆ ಅಡ್ಡಿಯಾಗದಿದ್ದುದಕ್ಕೆ ಕಾರಣವಿದೆ. 2022ರ ಅಕ್ಟೋಬರ್ 11ರ ವಿಂಡೋಸ್ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಈ ನಿಯಮವನ್ನು ಬಿಗಿಗೊಳಿಸಿತು. ಹಳೆಯ ಖಾತೆಯನ್ನು ಸೃಷ್ಟಿಸಿದವರೇ ಮತ್ತೆ ಸೇರಿಸುತ್ತಿದ್ದರೆ, ಅಥವಾ ಅದನ್ನು ಸೃಷ್ಟಿಸಿದ್ದು ಡೊಮೇನ್ ಅಡ್ಮಿನ್ ಆಗಿದ್ದರೆ ಮರುಬಳಕೆಗೆ ಅವಕಾಶವಿದೆ. ಇಲ್ಲಿ ಹಳೆಯ ಖಾತೆಯನ್ನು ಬಹುಶಃ ನಿಮಗಿಂತ ಮೊದಲು ಇದ್ದ ಎಂಜಿನಿಯರ್, ಕಂಪ್ಯೂಟರ್ ಸೇರಿಸುವಷ್ಟೇ ಅಧಿಕಾರವಿದ್ದ ತಮ್ಮ ಲಾಗಿನ್‌ನಿಂದ ಮಾಡಿರಬೇಕು. ವಿಂಡೋಸ್ ಫೋಲ್ಡರ್‌ನ ಒಳಗಿರುವ ಡೀಬಗ್ ಫೋಲ್ಡರ್‌ನಲ್ಲಿ ನೆಟ್‌ಸೆಟಪ್ ಎಂಬ ಲಾಗ್ ಫೈಲ್ ಇದೆ, ಅದರ ಕೊನೆಯ ಸಾಲುಗಳನ್ನು ಓದಿದರೆ ಖಾತ್ರಿಯಾಗುತ್ತದೆ.

ಮಾರ್ಚ್ 2023ರ ಅಪ್‌ಡೇಟ್‌ನಲ್ಲಿ, ನಂಬಿಕೆಯ ಖಾತೆಗಳ ಒಡೆತನದಲ್ಲಿರುವ ಕಂಪ್ಯೂಟರ್ ಹೆಸರುಗಳನ್ನು ಮರುಬಳಸಲು ಬಿಡುವ ಗ್ರೂಪ್ ಪಾಲಿಸಿಯೊಂದು (ಡೊಮೇನ್‌ನಲ್ಲಿ ಒಂದೇ ಕಡೆಯಿಂದ ಜಾರಿಮಾಡುವ ಸೆಟ್ಟಿಂಗ್) ಬಂದಿದೆ. ನೂರಾರು ಯಂತ್ರಗಳಿರುವಲ್ಲಿ ಅದು ಬೇಕು. ನಿಮ್ಮಲ್ಲಿ ಒಂದೇ ಯಂತ್ರದ ಪ್ರಶ್ನೆಯಾದ್ದರಿಂದ ಹಳೆಯ ಖಾತೆಯನ್ನು ಅಳಿಸಿ ಮತ್ತೆ ಸೇರಿಸುವುದು ಸಾಕು.

ಆದರೆ ಅಳಿಸುವ ಮೊದಲು ಒಂದು ಕ್ಷಣ ನಿಲ್ಲಿ, ಇದನ್ನು ಒತ್ತಿ ಹೇಳುತ್ತಿದ್ದೇನೆ. ಸುಟ್ಟ ಕಂಪ್ಯೂಟರ್‌ನ ಡಿಸ್ಕ್ ಚೆನ್ನಾಗಿದ್ದು, ಅದಕ್ಕೆ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ) ಹಾಕಿದ್ದರೆ, ಅದರ ರಿಕವರಿ ಕೀ ಇದೇ ಖಾತೆಯ ಅಡಿಯಲ್ಲಿ ಇರುವ ಸಾಧ್ಯತೆಯಿದೆ. ಖಾತೆ ಅಳಿಸಿದರೆ ಅದೂ ಹೋಗುತ್ತದೆ. ಸರ್ವರ್‌ನಲ್ಲಿ ಬಿಟ್‌ಲಾಕರ್ ರಿಕವರಿ ವೀಕ್ಷಕವನ್ನು ಅಳವಡಿಸಿದರೆ ಖಾತೆಯ ಗುಣಲಕ್ಷಣಗಳಲ್ಲಿ ಅದಕ್ಕೊಂದು ಪುಟ ಕಾಣಿಸುತ್ತದೆ; ಅಲ್ಲಿರುವ 48 ಅಂಕೆಗಳನ್ನು ಬರೆದಿಟ್ಟುಕೊಳ್ಳಿ. ಆ ಖಾತೆ ಯಾವ ಯಾವ ಗ್ರೂಪ್‌ಗಳಲ್ಲಿತ್ತು ಎಂಬುದನ್ನೂ ಗುರುತು ಮಾಡಿಕೊಳ್ಳಿ, ಹೊಸ ಖಾತೆಗೆ ಅವು ತಾವಾಗಿ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಕಂಪ್ಯೂಟರ್ ಡೊಮೇನ್‌ಗೆ ಸೇರಿತು, ಇಂದು ಬೆಳಗ್ಗೆಯಿಂದ ವೇಬ್ರಿಡ್ಜ್ ಕೋಣೆಯಲ್ಲಿ ಚೀಟಿಗಳು ನೇರವಾಗಿ ಮುದ್ರಣವಾಗುತ್ತಿವೆ. ಲಾಗ್ ಫೈಲ್ ನೀವು ಹೇಳಿದ್ದನ್ನೇ ಹೇಳಿತು. ಖಾತೆಯ ಅಡಿಯಲ್ಲಿ ಬಿಟ್‌ಲಾಕರ್ ಕೀ ನಿಜಕ್ಕೂ ಇತ್ತು. ನಿಮ್ಮ ಮಾತು ಓದದೇ ಇದ್ದಿದ್ದರೆ ನಾನು ಅದನ್ನು ನೋಡದೆ ಅಳಿಸಿಬಿಡುತ್ತಿದ್ದೆ. ಹಳೆಯ ಡಿಸ್ಕ್ ಅನ್ನು ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿ ಆ 48 ಅಂಕೆಗಳನ್ನು ಕೊಟ್ಟಾಗ ಅದು ತೆರೆದುಕೊಂಡಿತು. ಸಿಡಿಲು ಬಡಿದ ದಿನ ಸರ್ವರ್‌ಗೆ ಇನ್ನೂ ಏರಿಸದೆ ಉಳಿದಿದ್ದ ತೂಕದ ದಾಖಲೆಗಳು ಅದರಲ್ಲಿವೆ, ಬೆಳೆಗಾರರ ಬಳಿಯಿರುವ ಚೀಟಿಗಳೊಂದಿಗೆ ಅವುಗಳನ್ನು ಒಂದೊಂದಾಗಿ ತಾಳೆ ನೋಡುತ್ತಿದ್ದೇನೆ.