ಹಾಲರ್ ಚಿತ್ರದಲ್ಲಿ ಪತಂಗದ ರೋಮ ಕೂಡ ಕಾಣ್ತದೆ, ಹೇಗೆ ಮಾಡಿದ್ರು?

ತೋಟದಮನೆ_ಶಿರಸಿ:
ಚಿತ್ರಕಾರ ವೆನ್ಸೆಸ್ಲಾಸ್ ಹಾಲರ್ 1646ರಲ್ಲಿ ಆಂಟ್ವರ್ಪಲ್ಲಿ ಮಾಡಿದ ಕೀಟಗಳ ಎಚಿಂಗ್ (ತಾಮ್ರದ ತಗಡಲ್ಲಿ ಗೆರೆ ಮಾಡಿ, ಮಸಿ ತುಂಬಿ ಹಾಳೆಗೆ ಒತ್ತಿದ ಚಿತ್ರ) ಸೀರೀಸ್ ಝೂಮ್ ಮಾಡಿ ನೋಡ್ತಾ ಕೂತಿದ್ದೆ, ದುಂಬಿ, ಪಾತರಗಿತ್ತಿ ಎಲ್ಲ ಖಾಲಿ ಹಾಳೆ ಮೇಲೆ, ಪತಂಗದ ರೋಮ ಅಂತೂ ಮಳೆಗಾಲದಲ್ಲಿ ನಮ್ಮನೆ ಟ್ಯೂಬ್‌ಲೈಟಿಗೆ ಬರೋವುದರ ಥರಾನೇ. ತಾಮ್ರದ ಮೇಲೆ ಉಳಿಯಲ್ಲಿ ಇಷ್ಟು ಸಣ್ಣ ಗೆರೆ ಬರ್ತದಾ?

ಮಸಿಕೈ:
ಉಳಿ ಅಲ್ಲ ಮಾರಾಯ್ರೆ, ಆಸಿಡ್! ತಗಡಿಗೆ ಮೇಣದಂಥ ಗ್ರೌಂಡ್ ಹಚ್ಚಿ ಸೂಜಿಯಲ್ಲಿ ಗೀರೋದು, ಆಸಿಡ್‌ಗೆ ಹಾಕಿದ್ರೆ ಗೀರಿದ ಕಡೆ ಮಾತ್ರ ತಿನ್ನುತ್ತೆ. ತೆಳು ಗೆರೆ ಬೇಕಾದಲ್ಲಿ ಬೇಗ ತೆಗೆದು ಆ ಭಾಗಕ್ಕೆ ವಾರ್ನಿಶ್ ಹಚ್ಚಿ, ಉಳಿದದ್ದನ್ನ ಮತ್ತೆ ಮುಳುಗಿಸ್ತಾರೆ, ಅಲ್ಲಿ ಗೆರೆ ಆಳ ಆಗಿ ಕಪ್ಪಗೆ ಬೀಳ್ತದೆ.

ಬನವಾಸಿ_ಹುಡುಗಿ:
ಕೀಟಗಳ ಚಿತ್ರ ಬರೀತಿದ್ದ ಮರಿಯಾ ಸಿಬಿಲ್ಲಾ ಮೆರಿಯನ್ ಅವರದ್ದೂ ನೋಡಿ. 1699ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿ 1705ರಲ್ಲಿ 60 ಪ್ಲೇಟಿನ ಪುಸ್ತಕ ತಂದ್ರು, ಮೊದಲನೇ ಪ್ಲೇಟೇ ಅನಾನಸು, ಅದರ ಮೇಲೆ ಜಿರಳೆ!! ನಮ್ಮೂರ ಅನಾನಸ್ ಬೆಳೆಗಾರರಿಗೆ ತೋರಿಸಬೇಡಿ 😄 ಪ್ಲೇಟ್ ಹೆಚ್ಚಿನವು ಬೇರೆಯವರು ಕೆತ್ತಿದ್ದು, ಚಿತ್ರ ಮೆರಿಯನ್ ಅವರದ್ದು. ಕಂಬಳಿಹುಳ, ಪ್ಯೂಪಾ, ಚಿಟ್ಟೆ, ಗಿಡ ಎಲ್ಲ ಒಂದೇ ಹಾಳೆಲಿ, ಹಾಲರ್‌ಗಿಂತ ನಂಗೆ ಇದೇ ಇಷ್ಟ.

ಕಾರವಾರ_ಕಡಲು:
ಪ್ರಿಂಟ್ ಉಲ್ಟಾ ಬೀಳ್ತದೆ ಅನ್ನೋದೂ ಇದೆ. ದುಂಬಿಗೆ ಎಡ ಬಲ ಒಂದೇ, ಗೊತ್ತಾಗೂದಿಲ್ಲ. ರೆಂಬ್ರಾಂಟ್ 1650ರಲ್ಲಿ ಮಾಡಿದ ಚಿಪ್ಪಿನ ಎಚಿಂಗಲ್ಲಿ ಸುರುಳಿ ಉಲ್ಟಾ, ಸಹಿ ಮಾತ್ರ ಸರಿ, ಇಲ್ಲಿ ಬೀಚಲ್ಲಿ ಚಿಪ್ಪು ಹೆಕ್ಕಿದವರಿಗೆ ತಕ್ಷಣ ಕಣ್ಣಿಗೆ ಹೊಡೀತದೆ.

ತೋಟದಮನೆ_ಶಿರಸಿ:
@ಮಸಿಕೈ ಗ್ರೌಂಡ್‌ಗೆ ಜೇನುಮೇಣ ನಡೀತದಾ? ಮನೇಲಿ ಜೇನುಪೆಟ್ಟಿಗೆ ಇದೆ.

ಮಸಿಕೈ:
ಬರೀ ಮೇಣ ತೀರಾ ಮೆತ್ತಗೆ. ರಾಳ, ಆಸ್ಫಾಲ್ಟ್ ಸೇರಿಸಿ ಕಾಯಿಸ್ಬೇಕು. ಆಸಿಡ್ ಕೆಲ್ಸ ಮಾತ್ರ ಮನೆ ಹೊರಗೇ ಮಾಡಿ.